ಬೆಂಕಿಕಡ್ಡಿಯೂ ನಕ್ಷೆಯೂ

ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ನಕ್ಷೆಯೆಂಬುದು ಬಹುಮಟ್ಟಿಗೆ ಪರೀಕ್ಷೆಯ ಒಂದು ಪ್ರಶ್ನೆಯಾಗಿ ಮಾತ್ರ ಪರಿಚಿತವಾಗಿದೆ. ಸಮೀಕರಣವನ್ನು ಕೊಟ್ಟಿರುತ್ತಾರೆ, ಕೋಷ್ಟಕವನ್ನು ಬರೆದು, ನಾಲ್ಕು ಬಿಂದುಗಳನ್ನು ಗುರುತಿಸಿ, ಅಳತೆಪಟ್ಟಿಯಿಟ್ಟು ಗೆರೆಯೆಳೆದು, ಪ್ರಮಾಣವನ್ನು ಮೂಲೆಯಲ್ಲಿ ನಮೂದಿಸಿದರೆ ಅಂಕಗಳು ಬರುತ್ತವೆ. ಆ ಗೆರೆ ಏನನ್ನು ಹೇಳುತ್ತದೆಂದು ಕೇಳುವವರು ವಿರಳ. ಈ ಕ್ರಮವು ತಲೆಕೆಳಗಾದುದೆಂದು ನಾವು ಭಾವಿಸುತ್ತೇವೆ. ಮೊದಲು ಸಂಖ್ಯೆಗಳು, ಅನಂತರ ಬಿಂದುಗಳು, ಕಟ್ಟಕಡೆಗೆ ಸಮೀಕರಣ. ಇದೇ ಮಕ್ಕಳ ಬುದ್ಧಿಗೆ ಒಗ್ಗುವ ದಾರಿ.

ಇದಕ್ಕೆ ಒಂದು ಬೆಂಕಿಪೊಟ್ಟಣ ಸಾಕು. ಉರಿದ ಕಡ್ಡಿಗಳಾದರೂ ಸರಿಯೆ. ನಾಲ್ಕು ಕಡ್ಡಿಗಳಿಂದ ಒಂದು ಚೌಕವನ್ನು ಮಾಡಿ, ಅದರ ಬಲಬದಿಗೆ ಹೊಂದಿಕೊಂಡಂತೆ ಮತ್ತೊಂದನ್ನು, ಮಗುದೊಂದನ್ನು ಬೆಳೆಸುತ್ತ ಹೋಗಲಿ. ನಡುವಣ ಕಡ್ಡಿ ಎರಡು ಚೌಕಗಳಿಗೂ ಸೇರಿದ್ದರಿಂದ, ಬೇಕಾಗುವ ಕಡ್ಡಿಗಳು 4, 7, 10, 13. ಚೌಕಗಳ ಸಂಖ್ಯೆಯನ್ನು ಅಡ್ಡ ಅಕ್ಷದ ಮೇಲೂ ಕಡ್ಡಿಗಳ ಸಂಖ್ಯೆಯನ್ನು ಲಂಬ ಅಕ್ಷದ ಮೇಲೂ ಇಟ್ಟು ಗುರುತಿಸಿದರೆ ಬಿಂದುಗಳು ಒಂದೇ ನೇರದಲ್ಲಿ ನಿಲ್ಲುತ್ತವೆ. ಬಲಕ್ಕೆ ಒಂದು ಮನೆ ಸರಿದರೆ ಮೇಲಕ್ಕೆ ಮೂರು ಮನೆ. ಅಳತೆಪಟ್ಟಿಯನ್ನು ಹಿಂದಕ್ಕೆ ಚಾಚಿದರೆ ಅದು ಲಂಬ ಅಕ್ಷವನ್ನು 1 ಎಂಬಲ್ಲಿ ಮುಟ್ಟುತ್ತದೆ. ಚೌಕವೇ ಇಲ್ಲದಾಗ ಈ ಒಂದು ಕಡ್ಡಿ ಎಲ್ಲಿಂದ ಬಂದಿತು? ಅದೇ ಎಡತುದಿಯ ಕಡ್ಡಿ. ಅದನ್ನು ಇಟ್ಟಮೇಲೆ ಪ್ರತಿ ಚೌಕಕ್ಕೂ ಮೂರೇ ಸಾಕು. ಇದನ್ನು ತಾನೇ ಕಂಡುಕೊಂಡ ಮಗುವಿಗೆ 'ಚೌಕಗಳ ಮೂರರಷ್ಟಕ್ಕೆ ಒಂದನ್ನು ಕೂಡಿಸು' ಎಂಬ ಸೂತ್ರವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಬೀಜಗಣಿತವನ್ನೂ ರೇಖಾಗಣಿತವನ್ನೂ ಬೆಸೆಯುವ ಗ್ರಂಥವನ್ನು ಡೇಕಾರ್ಟನು 1637ರಲ್ಲಿ ಪ್ರಕಟಿಸಿದನು. ಅದರ ರುಚಿಯ ಒಂದು ತುಣುಕು ಕಡ್ಡಿಗಳಿಂದಲೇ ದೊರೆತಂತಾಯಿತು.

ಆ ಬಿಂದುಗಳನ್ನು ಗೆರೆಯಿಂದ ಕೂಡಿಸಬಹುದೆ? ಎರಡೂವರೆ ಚೌಕವೆಂಬುದಕ್ಕೆ ಇಲ್ಲಿ ಅರ್ಥವಿಲ್ಲ. ಆದಕಾರಣ ಬಿಂದುಗಳೇ ನಿಜ, ಗೆರೆ ಕಣ್ಣಿನ ಅನುಕೂಲಕ್ಕೆ ಮಾತ್ರ. ಒಲೆಯ ಮೇಲಿನ ನೀರಿನ ಉಷ್ಣತೆಯನ್ನು ನಿಮಿಷಕ್ಕೊಮ್ಮೆ ಅಳೆದಾಗ ಮಾತು ಬೇರೆ. ಎರಡು ಅಳತೆಗಳ ನಡುವೆಯೂ ನೀರಿಗೆ ಒಂದು ಉಷ್ಣತೆ ಇದ್ದೇ ಇರುತ್ತದೆ. ಈ ಭೇದವನ್ನು ತಿಳಿಸದೆ ಗೆರೆಯೆಳೆಸುವುದು ತರವಲ್ಲ.

ಎಲ್ಲ ಸಂಖ್ಯೆಗಳೂ ನೇರವಾಗಿ ನಡೆಯುವುದಿಲ್ಲ. ನಮ್ಮ ಮನೆಯಂಗಳದ ಚುಕ್ಕಿ ರಂಗೋಲಿಯನ್ನೇ ತೆಗೆದುಕೊಳ್ಳೋಣ. ನಡುಸಾಲಿನಲ್ಲಿ 3 ಚುಕ್ಕಿ, ಮೇಲೆ ಕೆಳಗೆ ಒಂದೊಂದು; ಒಟ್ಟು 5. ನಡುಸಾಲು 5 ಆಗಿ ಎರಡು ಕಡೆಯೂ 3, 1 ಎಂದು ಇಳಿದರೆ 13. ನಡುಸಾಲು 7 ಆದರೆ 25. ಒಂಟಿ ಚುಕ್ಕಿಯಿಂದ ಆರಂಭಿಸಿದರೆ 1, 5, 13, 25. ಇವನ್ನು ಗುರುತಿಸಿದಾಗ ಬಿಂದುಗಳು ಮೇಲಕ್ಕೆ ಬಾಗುತ್ತವೆ. ಆದರೆ ಏರಿಕೆಗಳಾದ 4, 8, 12ನ್ನು ಬೇರೊಂದು ಹಾಳೆಯಲ್ಲಿ ಗುರುತಿಸಿದರೆ ಮತ್ತೆ ನೇರ ಸಾಲು! ಕಾಲೇಜಿನಲ್ಲಿ ಕಲಿಯುವ ಕಲನಶಾಸ್ತ್ರದ ಬೀಜ ಇಲ್ಲಿದೆ.

ಪಾಠಗಳನ್ನು ಮುಗಿಸುವುದಕ್ಕೇ ಕಾಲ ಸಾಲದೆಂದು ಉಪಾಧ್ಯಾಯರು ಹೇಳುವುದು ಸುಳ್ಳಲ್ಲ. ಆದರೆ ಸಮೀಕರಣವನ್ನು ಕೊಟ್ಟ ಕ್ಷಣವೇ ನಕ್ಷೆಯನ್ನು ಬಿಡಿಸಿ ತೋರಿಸುವ ಸಾಧನ ಇಂದು ಕೈಯೊಳಗಿನ ಫೋನಿನಲ್ಲಿಯೇ ಇದೆ. ಹೀಗಿರುವಲ್ಲಿ ಗೆರೆಯೆಳೆಯುವ ಕೈಚಳಕಕ್ಕೆ ಅಂಕ ಕೊಡುವುದರಿಂದ ಫಲವೇನು?

ಸಾಲನ್ನು ಕಂಡೊಡನೆ ನಂಬದಿರುವುದನ್ನೂ ಕಲಿಸಬೇಕು. ವೃತ್ತದ ಪರಿಧಿಯ ಮೇಲೆ ಬಿಂದುಗಳನ್ನಿಟ್ಟು ಪ್ರತಿಯೊಂದನ್ನೂ ಉಳಿದೆಲ್ಲಕ್ಕೂ ಗೆರೆಯಿಂದ ಕೂಡಿಸಿದರೆ ವೃತ್ತವು ತುಂಡುಗಳಾಗುತ್ತದೆ. ಒಂದರಿಂದ ಐದು ಬಿಂದುಗಳವರೆಗೆ ತುಂಡುಗಳು 1, 2, 4, 8, 16. ಆರನೆಯದಕ್ಕೆ ಇಡೀ ತರಗತಿ 32 ಎಂದು ಕೂಗುತ್ತದೆ. ಮೂರು ಗೆರೆಗಳು ಒಂದೇ ಕಡೆ ಸಂಧಿಸದಂತೆ ಬಿಡಿಸಿ, ತಾಳ್ಮೆಯಿಂದ ಎಣಿಸಿದರೆ ದೊರೆಯುವುದು 31.