ಅಭಿಮಾನಿಯ ಮುನಿಸು

'ಅಭಿಮಾನ' ಎಂಬ ನಮ್ಮ ಮಾತಿಗೆ ಎರಡು ಮುಖಗಳುಂಟು. ಒಂದು, ಪ್ರೀತಿ ತುಂಬಿದ ಆದರ. ಇನ್ನೊಂದು, 'ನಾನು, ನನ್ನದು' ಎಂಬ ಹೆಮ್ಮೆ. ದೇಶಾಭಿಮಾನ, ಭಾಷಾಭಿಮಾನ ಎನ್ನುವಾಗ ಇವೆರಡೂ ಎಷ್ಟೆಷ್ಟು ಪಾಲು ಬೆರೆತಿವೆಯೆಂದು ನಾವು ತೂಗಿ ನೋಡುವುದಿಲ್ಲ. ಸಿನಿಮಾ ಅಭಿಮಾನಿಯ ವಿಷಯದಲ್ಲಂತೂ ಕೇಳುವುದೇ ಬೇಡ. ಡಾ. ರಾಜಕುಮಾರ್ ತಮ್ಮ ಪ್ರೇಕ್ಷಕರನ್ನು 'ಅಭಿಮಾನಿ ದೇವರುಗಳು' ಎಂದು ಕರೆದರು. ಅದು ಆ ದೊಡ್ಡ ಕಲಾವಿದರ ವಿನಯ. ಆದರೆ ಕಲಾವಿದ ವಿನಯದಿಂದ ಕೊಟ್ಟ ಬಿರುದನ್ನು ಆಸ್ತಿಯ ಹಕ್ಕುಪತ್ರವೆಂದು ತಿಳಿಯುವ ದೇವರುಗಳು ಲೋಕದಲ್ಲೆಲ್ಲ ಇದ್ದಾರೆ. ಅವರೊಡನೆ ನನಗೊಂದು ಜಗಳವಿದೆ.

ಜಗಳಕ್ಕೆ ಕಾರಣವಾದ ಚಿತ್ರ ೨೦೨೪ರ ಅಕ್ಟೋಬರಿನಲ್ಲಿ ತೆರೆಗೆ ಬಂದ 'ಜೋಕರ್: ಫೋಲಿ ಆ ದು'. ಇದು ಟಾಡ್ ಫಿಲಿಪ್ಸ್ ನಿರ್ದೇಶಿಸಿದ ೨೦೧೯ರ 'ಜೋಕರ್' ಚಿತ್ರದ ಮುಂದಿನ ಭಾಗ. ಅಮೆರಿಕದ ಚಿತ್ರಕಥೆಯ ಪುಸ್ತಕಗಳಲ್ಲಿ ಬ್ಯಾಟ್‌ಮನ್ನನ ಕಡುವೈರಿಯಾಗಿ ಹೆಸರಾದ ಜೋಕರನನ್ನು ಮೊದಲ ಚಿತ್ರವು ಆರ್ಥರ್ ಫ್ಲೆಕ್ ಎಂಬ ಬಡ ವಿದೂಷಕನನ್ನಾಗಿ ಮಾಡಿತ್ತು. ಕಾಯಿಲೆಯ ತಾಯಿ, ತಡೆಯಲಾಗದ ನಗುವಿನ ರೋಗ, ಬೀದಿಯಲ್ಲಿ ಬಿದ್ದ ಏಟುಗಳು. ಕೊನೆಗೆ ಕೈಯಲ್ಲೊಂದು ಪಿಸ್ತೂಲು. ಆ ಚಿತ್ರಕ್ಕೆ ವೆನಿಸ್ ಉತ್ಸವದಲ್ಲಿ ಸುವರ್ಣ ಸಿಂಹ ದೊರೆಯಿತು. ವಾಕೀನ್ ಫೀನಿಕ್ಸರಿಗೆ ಶ್ರೇಷ್ಠ ನಟನೆಂದು ಆಸ್ಕರ್ ಬಂತು. ಗಲ್ಲಾಪೆಟ್ಟಿಗೆಗೆ ೧೦೦ ಕೋಟಿ ಡಾಲರಿಗೂ ಮೇಲೆ ಬಿತ್ತು. ಆರ್ಥರ್ ಕುಣಿದು ಇಳಿದ ನ್ಯೂಯಾರ್ಕಿನ ಬ್ರಾಂಕ್ಸ್ ಬಡಾವಣೆಯ ಕಲ್ಲುಮೆಟ್ಟಲುಗಳು ಯಾತ್ರಾಸ್ಥಳವೇ ಆಗಿಬಿಟ್ಟವು.

ಎರಡನೆಯದರ ಗತಿ ಬೇರೆ. ಮೊದಲ ದಿನದ ಪ್ರೇಕ್ಷಕರನ್ನು ಕೇಳಿ ಅಂಕ ಕೊಡುವ 'ಸಿನೆಮಾಸ್ಕೋರ್' ಎಂಬ ಪದ್ಧತಿ ಅಮೆರಿಕದಲ್ಲಿದೆ. ಅದರಲ್ಲಿ ಈ ಚಿತ್ರಕ್ಕೆ ಸಿಕ್ಕಿದ್ದು 'ಡಿ'. ಅಲ್ಲಿನ ಮೊದಲ ವಾರಾಂತ್ಯದಲ್ಲಿ ಸುಮಾರು ೩.೭ ಕೋಟಿ ಡಾಲರ್ ಗಳಿಸಿದ ಚಿತ್ರ ಎರಡನೆಯ ವಾರಾಂತ್ಯದಲ್ಲಿ ೭೦ ಲಕ್ಷಕ್ಕೆ ಇಳಿಯಿತು. ಹಾಗೆಂದು ಮೆಚ್ಚಿದವರೇ ಇಲ್ಲವೆಂದಲ್ಲ. ಟರಾಂಟಿನೋ ಅಂಥ ನಿರ್ದೇಶಕ ಬಾಯಿತುಂಬ ಹೊಗಳಿದ್ದಾನೆ. ಕೆಲವರು ಇದನ್ನು ಮೊದಲನೆಯದಕ್ಕಿಂತ ಧೈರ್ಯದ ಕೃತಿಯೆಂದರು. ಹೆಚ್ಚು ಮಂದಿ 'ನಮಗೆ ದ್ರೋಹವಾಯಿತು' ಎಂದರು.

'ಚೆನ್ನಾಗಿಲ್ಲ' ಎಂದಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಕಾಸು ಕೊಟ್ಟು ಒಳಗೆ ಹೋದವನಿಗೆ ಆಕಳಿಸುವ ಹಕ್ಕೂ ಉಂಟು, ಎದ್ದುಬರುವ ಹಕ್ಕೂ ಉಂಟು. ಆದರೆ 'ದ್ರೋಹ' ಎಂಬುದು ಭಾರಿ ಮಾತು. ಕೊಟ್ಟ ಭಾಷೆಯನ್ನು ಮುರಿದಾಗ ಆಡತಕ್ಕ ಮಾತು. ಇಲ್ಲಿ ಯಾರು ಯಾರಿಗೆ ಭಾಷೆ ಕೊಟ್ಟಿದ್ದರು? ಆಪಾದನೆಗಳನ್ನು ಒಂದೊಂದಾಗಿ ವಿಚಾರಿಸೋಣ.

ಮೊದಲನೆಯದು ಹಾಡಿನ ದೂರು. ಜೋಕರ್ ಹಾಡುವುದೆಂದರೇನು, ಸೆರೆಮನೆಯಲ್ಲಿ ಲೇಡಿ ಗಾಗಾಳೊಂದಿಗೆ ಕುಣಿಯುವುದೆಂದರೇನು ಎಂದು ಕೇಳಿದರು. ಹಾಡಿಲ್ಲದ ಚಿತ್ರವನ್ನೇ ಅಪರೂಪವಾಗಿ ಕಂಡ ನಮಗೆ ಇದು ಅಪರಾಧವಾಗಿ ತೋರುವುದು ಕಷ್ಟ. ಮೊದಲ ಚಿತ್ರದಲ್ಲೂ ಆರ್ಥರ್ ಮಾತಿನಿಂದಲ್ಲ, ಕುಣಿತದಿಂದಲೇ ಜೋಕರನಾದದ್ದು. ಮೆಟ್ಟಲ ಮೇಲೆ ಕುಣಿದದ್ದು ಒಪ್ಪಿತವಾದರೆ ನ್ಯಾಯಾಲಯದಲ್ಲಿ ಹಾಡಿದ್ದು ಏಕೆ ಒಪ್ಪಿತವಾಗಬಾರದು? ಈ ಹಾಡುಗಳಲ್ಲಿ ಬಹುಪಾಲು ಕಥೆಯನ್ನು ಒಂದು ಹೆಜ್ಜೆಯೂ ಮುಂದಕ್ಕೆ ಒಯ್ಯುವುದಿಲ್ಲ ಎಂದರೆ ನಾನೂ ತಲೆದೂಗುತ್ತೇನೆ. ನಾಟಕದ ನಡುವೆ ಪರದೆ ಬಿಟ್ಟು ಹಾರ್ಮೋನಿಯಂ ಬಾರಿಸಿದಂತೆ ಆಗಿದೆ. ಅದು ಕುಶಲತೆಯ ದೋಷ, ದ್ರೋಹವಲ್ಲ.

ಎರಡನೆಯ ಆಪಾದನೆ: ಮೂಲಕ್ಕೆ ನಿಷ್ಠೆಯಿಲ್ಲ, ಇವನು ಪುಸ್ತಕದ ಜೋಕರನೇ ಅಲ್ಲ. ಯಾವ ಪುಸ್ತಕದ ಜೋಕರ್? ೧೯೪೦ರಲ್ಲಿ 'ಬ್ಯಾಟ್‌ಮನ್' ಪತ್ರಿಕೆಯ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಾಗ ಇವನಿಗೆ ಪೂರ್ವಕಥೆಯೇ ಇರಲಿಲ್ಲ. ಆ ಸಂಚಿಕೆಯಲ್ಲೇ ಇವನನ್ನು ಮುಗಿಸಿಬಿಡುವ ಯೋಚನೆಯಿತ್ತು. ಇಂಥ ಖಳ ಮುಂದೆಯೂ ಬೇಕಾದೀತೆಂದು ಸಂಪಾದಕರು ಬದುಕಿಸಿದರು. ೧೯೫೧ರಲ್ಲಿ ರಾಸಾಯನಿಕದ ತೊಟ್ಟಿಯಲ್ಲಿ ಮುಳುಗಿ ಬಣ್ಣಗೆಟ್ಟ ಕಳ್ಳನೆಂದು ಒಂದು ಕಥೆ ಹುಟ್ಟಿತು. ೧೯೮೮ರಲ್ಲಿ ಆಲನ್ ಮೂರ್ ಬರೆದ ಕಥೆಯಲ್ಲಿ ಇವನು ಸೋತ ಹಾಸ್ಯಗಾರ. ಇವನ ಮುಖವಾದರೂ ಪುಸ್ತಕದ ಸ್ವಂತದ್ದೇ? ಅದು ೧೯೨೮ರ ಒಂದು ಮೂಕಿಚಿತ್ರದಲ್ಲಿ ನಟ ಕಾನ್ರಾಡ್ ಫೈಟ್ ತೊಟ್ಟಿದ್ದ ನಗೆಮೊಗ. ಆ ಚಿತ್ರಕ್ಕೆ ಆಧಾರ ಫ್ರಾನ್ಸಿನ ವಿಕ್ಟರ್ ಹ್ಯೂಗೋ ೧೮೬೯ರಲ್ಲಿ ಬರೆದ ಕಾದಂಬರಿ. ಗಾಗಾ ವಹಿಸಿದ ಪಾತ್ರದ ಮೂಲವಾದ ಹಾರ್ಲೆ ಕ್ವಿನ್ ಹುಟ್ಟಿದ್ದು ಪುಸ್ತಕದಲ್ಲೇ ಅಲ್ಲ, ೧೯೯೨ರ ದೂರದರ್ಶನದ ವ್ಯಂಗ್ಯಚಿತ್ರ ಸರಣಿಯಲ್ಲಿ. ಹೀಗೆ ಊರೂರು ಅಲೆದು ಬಂದ ಪಾತ್ರಕ್ಕೆ ಹುಟ್ಟೂರಿನ ಶೀಲದ ಪ್ರಮಾಣಪತ್ರ ಕೇಳುವುದು ವಿನೋದವೇ ಸರಿ.

ಇನ್ನೂ ಒಂದು ಮಾತು. ೨೦೧೯ರ ಚಿತ್ರವೂ ಯಾವುದೇ ಒಂದು ಪುಸ್ತಕವನ್ನು ಅನುಸರಿಸಿರಲಿಲ್ಲ. ಅಲ್ಲಿ ತೊಟ್ಟಿಯೂ ಇಲ್ಲ, ರಾಸಾಯನಿಕವೂ ಇಲ್ಲ. ಆಗ ಸಹಿಸಿದ ನಿಷ್ಠಾಭಂಗ ಈಗ ಅಸಹ್ಯವಾದದ್ದು ಹೇಗೆ? ಮೂಲಕ್ಕೆ ನಿಷ್ಠೆ ಎಂಬುದು ಮೆಚ್ಚದ ಕೃತಿಯನ್ನು ಬಡಿಯಲು ಮೂಲೆಯಲ್ಲಿಟ್ಟ ಕೋಲಾಗಬಾರದು. ನಮ್ಮ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ. ವ್ಯಾಸರಲ್ಲಿ ಹಾಗಿಲ್ಲ. ಅದರಿಂದ ಕಾವ್ಯಕ್ಕೆ ಬಂದ ತೊಡಕುಗಳನ್ನು ನಮ್ಮ ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಆ ವಿಚಾರ ನಡೆದದ್ದು ಕಾವ್ಯಕ್ಕೆ ಏನಾಯಿತು ಎಂಬುದನ್ನು ಕುರಿತು. ನಮ್ಮ ಸೊತ್ತು ಕಳವಾಯಿತು ಎಂಬ ಫಿರ್ಯಾದಲ್ಲ. ವಿಮರ್ಶೆಗೂ ಕೂಗಾಟಕ್ಕೂ ಇರುವ ಅಂತರ ಇದೇ.

ಈಗ ಮೂರನೆಯ ಆಪಾದನೆ, ನಿಜವಾದದ್ದು. ಉಳಿದೆರಡೂ ಇದರ ಹೊದಿಕೆಗಳೆಂದೇ ನನ್ನ ನಂಬಿಕೆ. ಈ ಚಿತ್ರದಲ್ಲಿ ಆರ್ಥರ್ ಕೊಲೆಗಳಿಗಾಗಿ ವಿಚಾರಣೆಗೆ ನಿಲ್ಲುತ್ತಾನೆ. ಹೊರಗೆ ಅವನ ಹೆಸರು ಹಿಡಿದು ಕೂಗುವ, ಮುಖಕ್ಕೆ ಬಣ್ಣ ಬಳಿದುಕೊಂಡ ಜನ. ಪಕ್ಕದಲ್ಲಿ ಅವನನ್ನು ಪ್ರೀತಿಸುವ, ಅಲ್ಲ, ಜೋಕರನನ್ನು ಪ್ರೀತಿಸುವ ಲೀ ಎಂಬ ಹೆಂಗಸು. ಕೊನೆಗೆ ಅವನು ನ್ಯಾಯಾಲಯದ ಮುಂದೆ, ಜೋಕರ್ ಎಂಬವನು ಯಾರೂ ಇಲ್ಲ, ತಾಯಿಯೂ ಸೇರಿ ಆರು ಮಂದಿಯನ್ನು ಕೊಂದವನು ಆರ್ಥರ್ ಎಂಬ ತಾನೇ ಎಂದು ಒಪ್ಪಿಕೊಳ್ಳುತ್ತಾನೆ. ಲೀ ಎದ್ದು ಹೊರಟುಹೋಗುತ್ತಾಳೆ. ಅಭಿಮಾನಿಗಳು ಕೂಡ ಅವಳ ಬೆನ್ನಿಗೇ ಹೊರಟರು. ತೆರೆಯ ಮೇಲಿನ ಅಭಿಮಾನಿಗೂ ಕುರ್ಚಿಯ ಮೇಲಿನ ಅಭಿಮಾನಿಗೂ ಬೇಕಾಗಿದ್ದದ್ದು ಒಂದೇ: ಮುಖದ ಬಣ್ಣ. ಬಣ್ಣ ತೊಳೆದ ಮನುಷ್ಯ ಇಬ್ಬರಿಗೂ ಬೇಡವಾದ. 'ಫೋಲಿ ಆ ದು' ಎಂದರೆ ಫ್ರೆಂಚಿನಲ್ಲಿ ಇಬ್ಬರಿಗೆ ಒಟ್ಟಿಗೆ ಹಿಡಿದ ಹುಚ್ಚು. ಚಿತ್ರ ಆ ಇಬ್ಬರಲ್ಲಿ ಒಬ್ಬನ ಸ್ಥಾನದಲ್ಲಿ ಪ್ರೇಕ್ಷಕನನ್ನೇ ಕೂರಿಸಿತು. ಮುನಿಸಿನ ಬೇರು ಅಲ್ಲಿದೆ.

ಇದನ್ನು 'ಪ್ರೇಕ್ಷಕನಿಗೆ ಅವಮಾನ' ಎಂದವರಿದ್ದಾರೆ. ಅವರನ್ನು ನಾನು ಕೇಳುವುದಿಷ್ಟೆ: ಮೊದಲ ಚಿತ್ರದಲ್ಲಿ ನೀವು ಕೈತಟ್ಟಿದ್ದು ಯಾವುದಕ್ಕೆ? ದೂರದರ್ಶನದ ದೀಪಗಳ ಮುಂದೆ ಕುಳಿತಿದ್ದ ಒಬ್ಬ ಮುದುಕ ಹಾಸ್ಯಗಾರನ ತಲೆಗೆ ಗುಂಡು ಹೊಡೆದುದಕ್ಕೋ? ನೊಂದವನ ಮೇಲೆ ನಮಗೆ ಹುಟ್ಟಿದ ಕನಿಕರ ನಿಜ. ಆದರೆ ಕನಿಕರ ಯಾವ ಗಳಿಗೆಯಲ್ಲಿ ಜಯಕಾರವಾಗಿ ಬದಲಾಯಿತೆಂದು ಕೇಳಿಕೊಳ್ಳಬಾರದೆ? ಎರಡನೆಯ ಚಿತ್ರದಲ್ಲಿ ಒಂದು ಸಾಕ್ಷಿಯ ದೃಶ್ಯವಿದೆ. ಆರ್ಥರನ ಹಳೆಯ ಜೊತೆಗಾರ, ಕುಳ್ಳ ವಿದೂಷಕ ಗ್ಯಾರಿ ಕಟಕಟೆಗೆ ಬಂದು ನಿಲ್ಲುತ್ತಾನೆ. ಗ್ಯಾರಿಯನ್ನು ಆರ್ಥರ್ ಕೊಲ್ಲಲಿಲ್ಲ. ಅವನ ಕಣ್ಣೆದುರು ಇನ್ನೊಬ್ಬನನ್ನು ಕೊಂದ, ಅಷ್ಟೆ. ಅಂದಿನಿಂದ ತನ್ನೊಳಗೆ ನೆಲೆಸಿದ ಭಯವನ್ನು ಅವನು ಹೇಳುತ್ತಾನೆ. ತನ್ನನ್ನು ಗೇಲಿಮಾಡದೆ ಇದ್ದವನು ನೀನೊಬ್ಬನೇ ಎಂದೂ ಹೇಳುತ್ತಾನೆ. ಎರಡು ಚಿತ್ರಗಳಲ್ಲೂ ನನಗೆ ಇಷ್ಟು ನಿಜವಾದ ಗಳಿಗೆ ಇನ್ನೊಂದು ಕಾಣಲಿಲ್ಲ. 'ನಮ್ಮ ಜೋಕರನಿಗೆ ಏನು ಮಾಡಿಬಿಟ್ಟರು' ಎಂದು ಕೊರಗಿದವರಲ್ಲಿ ಎಷ್ಟು ಮಂದಿ ಗ್ಯಾರಿಯನ್ನು ನೆನೆದರು?

ಹಾಗಾದರೆ ಚಿತ್ರ ನಿರ್ದುಷ್ಟವೋ? ಅಲ್ಲವೇ ಅಲ್ಲ. ನನ್ನ ದೊಡ್ಡ ಆಕ್ಷೇಪ ಇದು: ಸೆರೆಮನೆಯ ಕಾವಲುಗಾರರು ಆರ್ಥರನನ್ನು ಹಿಂಸಿಸಿ, ಅವನನ್ನು ನೆಚ್ಚಿದ್ದ ಎಳೆಯ ಕೈದಿಯನ್ನು ಅವನಿಗೆ ಕೇಳಿಸುವಂತೆ ಕತ್ತು ಹಿಸುಕಿ ಕೊಂದ ಮೇಲೆ ಅವನ ತಪ್ಪೊಪ್ಪಿಗೆ ಬರುತ್ತದೆ. ಗ್ಯಾರಿಯ ಮಾತು ಮಾಡಬೇಕಾಗಿದ್ದ ಕೆಲಸವನ್ನು ಲಾಠಿ ಮಾಡಿದಂತಾಯಿತು. ಮನಸ್ಸು ತಿರುಗುವುದಕ್ಕೂ ಬೆನ್ನು ಮುರಿಯುವುದಕ್ಕೂ ಇರುವ ಭೇದವನ್ನು ನಿರ್ದೇಶಕ ಮಸಕುಮಾಡಿದ. ಚಿತ್ರವನ್ನು ತಯಾರಿಸಿದ ಕಂಪೆನಿಯನ್ನೂ ಬಿಡುವಂತಿಲ್ಲ. ಮೊದಲನೆಯದಕ್ಕೆ ತಗಲಿದ್ದರ ಸುಮಾರು ಮೂರು ಪಟ್ಟು ಹಣ ಸುರಿದು ಎರಡನೆಯದನ್ನು ತೆಗೆದದ್ದು ಆರ್ಥರನ ಆತ್ಮೋದ್ಧಾರಕ್ಕಲ್ಲ. ಜನ ಬೈದದ್ದರಿಂದಲೇ ಇದು ಮಹಾಕೃತಿ ಎನ್ನುವ ಇನ್ನೊಂದು ಪಂಗಡವೂ ನನಗೆ ಒಪ್ಪಿಗೆಯಾಗದು. ಜನ ಮೆಚ್ಚಿದ್ದೆಲ್ಲ ಕಳಪೆಯಲ್ಲ, ಉಗಿದದ್ದೆಲ್ಲ ಬಂಗಾರವೂ ಅಲ್ಲ.

ಅಭಿಮಾನಿಗಳಿಂದ ಒಳ್ಳೆಯದಾಗುವುದೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಆಗುತ್ತದೆ. ಇದೇ ಬ್ಯಾಟ್‌ಮನ್ನನ ಮನೆಯಲ್ಲೇ ನಿದರ್ಶನವಿದೆ. ಬ್ಯಾಟ್‌ಮನ್ನನನ್ನು ರೂಪಿಸುವುದರಲ್ಲಿ ಬಿಲ್ ಫಿಂಗರ್ ಎಂಬ ಬರಹಗಾರನ ಪಾಲು ದೊಡ್ಡದು. ಜೋಕರನ ಮುಖಕ್ಕೆ ಕಾನ್ರಾಡ್ ಫೈಟನ ಚಿತ್ರವನ್ನು ತಂದು ತೋರಿಸಿದವನೂ ಅವನೇ. ಆದರೂ ದಶಕಗಳ ಕಾಲ ಬ್ಯಾಟ್‌ಮನ್ನನ ಕರ್ತೃವೆಂದು ಅಚ್ಚಾದದ್ದು ಬಾಬ್ ಕೇನ್ ಒಬ್ಬನ ಹೆಸರು. ಫಿಂಗರ್ ೧೯೭೪ರಲ್ಲಿ ತೀರಿಕೊಂಡ. ಬದುಕಿದ್ದಷ್ಟು ಕಾಲವೂ ಆ ಗೌರವ ಅವನಿಗೆ ಬರಲಿಲ್ಲ. ಅವನನ್ನು ಮರೆಯದ ಓದುಗರು ಹಳೆಯ ದಾಖಲೆಗಳನ್ನು ಹುಡುಕಿದರು, ಬರೆದರು, ಹಟ ಹಿಡಿದರು. ಅವನ ಮೊಮ್ಮಗಳು ದನಿಯೆತ್ತಿದಳು. ೨೦೧೫ರಲ್ಲಿ ಕಂಪೆನಿ ಮಣಿಯಿತು. ಅಲ್ಲಿಂದೀಚೆಗೆ ಕೇನನ ಜೊತೆಯಲ್ಲಿ ಫಿಂಗರನ ಹೆಸರೂ ಅಚ್ಚಾಗುತ್ತಿದೆ.

ನನ್ನ ಲೆಕ್ಕದಲ್ಲಿ ಅವರು ಅಭಿಮಾನಿಗಳು. ಅವರು ತಮಗಾಗಿ ಏನನ್ನೂ ಕೇಳಲಿಲ್ಲ. ದುಡಿದವನ ಪಾಲು ದುಡಿದವನಿಗೆ ಸಲ್ಲಲಿ ಎಂದರು. 'ನಮ್ಮ ಜೋಕರನನ್ನು ನಮಗೆ ಬೇಕಾದಂತೆ ಕೊಡಿ' ಎನ್ನುವವರು ಗಿರಾಕಿಗಳು. ಗಿರಾಕಿಯಾಗುವುದು ಪಾಪವಲ್ಲ, ಬೇಡವಾದ ಸರಕನ್ನು ಅಂಗಡಿಯಲ್ಲೇ ಬಿಟ್ಟು ಬರಬಹುದು. ಆದರೆ ಗಿರಾಕಿಯ ಮುನಿಸಿಗೆ ಪ್ರೀತಿಯ ಹೆಸರಿಟ್ಟು, ಕೃತಿ ಮಾಡಿದವನನ್ನು ದ್ರೋಹಿಯೆನ್ನುವುದು ನ್ಯಾಯವಲ್ಲ. ಆ ಕೂಗಿಗೆ ಬೆದರಿದ ಕಂಪೆನಿಗಳು ಮುಂದೆ ಏನು ಮಾಡುವುವೆಂಬುದನ್ನು ಊಹಿಸಲು ಪಾಂಡಿತ್ಯ ಬೇಡ. ನಾವು ಕಳೆದ ಸಲ ಎಲ್ಲಿ ಚಪ್ಪಾಳೆ ತಟ್ಟಿದೆವೋ ಅಲ್ಲೇ ಮತ್ತೆ ತಟ್ಟಿಸುವ ಚಿತ್ರಗಳನ್ನು ಒಂದರ ಮೇಲೊಂದರಂತೆ ಕಳುಹಿಸುವರು. ಅವು ಗ್ಯಾರಿಯನ್ನು ಕಟಕಟೆಗೆ ಕರೆಯುವ ಗೋಜಿಗೆ ಹೋಗುವುದಿಲ್ಲ. ನಷ್ಟ ನಮ್ಮದೇ.