ಗೋಡೆಯ ಪಟಕ್ಕೆ ಬೆಲೆ ಕಟ್ಟುವ ಮುನ್ನ

ನಮ್ಮ ಹಳೆಯ ಮನೆಗಳ ಪಡಸಾಲೆಯಲ್ಲಿ ಲಕ್ಷ್ಮೀ ಸರಸ್ವತಿಯರ ಪಟಗಳನ್ನು ಕಾಣದವರು ವಿರಳ. ಮನೆ ಮಾರುವಾಗಲೋ, ಗೋಡೆಗೆ ಸುಣ್ಣ ಹೊಡೆಸುವಾಗಲೋ ಅವು ಕೆಳಗಿಳಿಯುತ್ತವೆ. ಆಗ ಎರಡು ಮಾತುಗಳಲ್ಲಿ ಒಂದು ಕೇಳಿಬರುವುದು ವಾಡಿಕೆ. ‘ಇದು ರವಿವರ್ಮನ ಚಿತ್ರ, ಲಕ್ಷಗಟ್ಟಲೆ ಬೆಲೆ ಬಾಳುತ್ತದೆ’ ಎಂಬುದೊಂದು. ‘ಬರಿಯ ಅಚ್ಚಿನ ಕಾಗದ, ತೇಗದ ಕಟ್ಟಿಗಷ್ಟೇ ಬೆಲೆ’ ಎಂಬುದು ಇನ್ನೊಂದು. ಹೀಗೆನ್ನುವ ಇಬ್ಬರೂ ಪಟವನ್ನು ಸರಿಯಾಗಿ ನೋಡಿಲ್ಲವೆಂಬುದು ನಮ್ಮ ಅಭಿಪ್ರಾಯ.

ರಾಜಾ ರವಿವರ್ಮನ (1848–1906) ಮೂಲ ತೈಲಚಿತ್ರಗಳು ಅರಮನೆ, ವಸ್ತುಸಂಗ್ರಹಾಲಯಗಳಲ್ಲಿವೆ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹದಲ್ಲಿಯೂ ಕೆಲವುಂಟು. ಮನೆಮನೆಗೆ ಬಂದುದು ಅವುಗಳ ಅಚ್ಚು. ಇದಕ್ಕಾಗಿ ಆತನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವೊಂದನ್ನು ಸ್ಥಾಪಿಸಿದನು. ಮುಂದೆ ಅದು ಲೋಣಾವಳದ ಸಮೀಪದ ಮಳವಲಿಗೆ ಸ್ಥಳಾಂತರಗೊಂಡು, 20ನೆಯ ಶತಮಾನದ ಆರಂಭದಲ್ಲಿ ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನ ಕೈಸೇರಿತು. 1972ರಲ್ಲಿ ಬೆಂಕಿಗೆ ಆಹುತಿಯಾಯಿತು. ಅವೇ ಚಿತ್ರಗಳನ್ನು ಬೇರೆ ಅಚ್ಚುಕೂಟಗಳೂ ನಕಲು ಮಾಡಿವೆ, ಇಂದಿಗೂ ಮಾಡುತ್ತಿವೆ. ಚಿತ್ರದ ಮೂಲೆಯ ರುಜು ಚಿತ್ರದೊಡನೆಯೇ ಅಚ್ಚಾಗುವುದರಿಂದ, ಅದನ್ನು ಸಾಕ್ಷಿಯೆಂದು ಒಪ್ಪುವಂತಿಲ್ಲ.

ಹಾಗಾದರೆ ಸಾಕ್ಷಿ ಯಾವುದು? ಮಸಿಯೇ ಸಾಕ್ಷಿ. ಹಳೆಯ ಪಟಗಳು ಕಲ್ಲಚ್ಚಿನಲ್ಲಿ ಮುದ್ರಿತವಾದವು. ಬವೇರಿಯದ ಸೆನೆಫೆಲ್ಡರ್ 18ನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಈ ವಿಧಾನಕ್ಕೆ, ಎಣ್ಣೆಗೂ ನೀರಿಗೂ ಹೊಂದಿಕೆಯಿಲ್ಲವೆಂಬ ಸರಳ ಸಂಗತಿಯೇ ಆಧಾರ. ನಯಗೊಳಿಸಿದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಚಿತ್ರ ಬರೆದು, ಗೋಂದು ಮತ್ತು ಆಮ್ಲಗಳಿಂದ ಸಂಸ್ಕರಿಸಿ, ಕಲ್ಲನ್ನು ಒದ್ದೆ ಮಾಡಿ, ಎಣ್ಣೆಮಸಿಯ ಉರುಳೆಯನ್ನು ಹಾಯಿಸಿದರೆ, ಜಿಡ್ಡಿದ್ದಲ್ಲಿ ಮಾತ್ರ ಮಸಿ ಹತ್ತುತ್ತದೆ. ಬಣ್ಣದ ಚಿತ್ರಕ್ಕೆ ಬಣ್ಣಕ್ಕೊಂದು ಕಲ್ಲು ಬೇಕು. ದೇವಿಯ ಒಂದು ಕೆನ್ನೆಯ ಕಾಂತಿ ಮೂಡಬೇಕಾದರೆ, ಕುಶಲಕರ್ಮಿಯು ಹಲವು ಕಲ್ಲುಗಳ ಮೇಲೆ ಅಸಂಖ್ಯ ಚುಕ್ಕೆಗಳನ್ನು ಕೈಯಿಂದಲೇ ಇಡಬೇಕಾಗಿತ್ತು. ಕಾಗದದ ಮೇಲೆ ಅವೆಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಕೂಡಬೇಕಾಗಿತ್ತು. ಆ ಚುಕ್ಕೆ ಇಟ್ಟವರ ಹೆಸರು ಪಟದ ಮೇಲಿಲ್ಲ. ‘ಬರಿಯ ಅಚ್ಚು’ ಎನ್ನುವವರು ಮರೆಯುವುದು ಅವರನ್ನೇ.

ವಿದ್ಯಾರ್ಥಿಗಳು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯನ್ನು ಆ ಕೆನ್ನೆಯ ಮೇಲೆಯೇ ಹಿಡಿಯಲಿ. ಕಲ್ಲಚ್ಚಾದರೆ ಚುಕ್ಕೆಗಳು ಆಕಾರದಲ್ಲಿ, ಅಂತರದಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಮರಳು ಚೆಲ್ಲಿದಂತೆ ಕಾಣುತ್ತವೆ. ಆಫ್‌ಸೆಟ್ ಮುದ್ರಣವಾದರೆ ನಾಲ್ಕೇ ಬಣ್ಣಗಳ ಚುಕ್ಕೆಗಳು ಸಾಲುಹಿಡಿದು, ಪುಟ್ಟ ಹೂವಿನಂಥ ವೃತ್ತಗಳನ್ನು ರಚಿಸಿರುತ್ತವೆ. ಹಳೆಯ ಕಲ್ಲಚ್ಚಿನ ಛಾಯಾಚಿತ್ರ ತೆಗೆದು ಮರುಮುದ್ರಿಸಿದ್ದರೆ, ಕೈಚುಕ್ಕೆಗಳ ಮೇಲೆ ಈ ಯಂತ್ರಚುಕ್ಕೆಗಳ ಪರದೆ ಹಾಸಿರುವುದೂ ಕಾಣಬಹುದು. ಎಂಥ ಚೆಂದದ ವಂಚನೆಯೂ ಇಲ್ಲಿ ಬಯಲಾಗುತ್ತದೆ!

ಇನ್ನು ಕಾಗದ. ಅದನ್ನು ಬೆಳ್ಳಗೆ ತೋರಿಸುವ ಹೊಳಪುಕಾರಕ ರಾಸಾಯನಿಕಗಳು ಕಾಗದ ತಯಾರಿಕೆಯಲ್ಲಿ ಬಳಕೆಗೆ ಬಂದುದು 1950ರ ಸುಮಾರಿನಿಂದ. ನೇರಳಾತೀತ ಕಿರಣಗಳನ್ನು ಹೀರಿ ನೀಲಿ ಬೆಳಕನ್ನು ಹೊರಸೂಸುವುದು ಅವುಗಳ ಗುಣ. ನೋಟು ಪರೀಕ್ಷಿಸುವ ದೀಪವನ್ನು ಕತ್ತಲೆಯಲ್ಲಿ ಪಟದ ಹಿಂಬದಿಗೆ ಹಿಡಿದಾಗ ಕಾಗದವೆಲ್ಲ ನೀಲಿಯಾಗಿ ಹೊಳೆದರೆ, ಅದು ನೂರು ವರ್ಷದ ಹಿಂದಿನದಲ್ಲ. ಹೊಳೆಯದಿದ್ದರೆ ಹಳೆಯದೇ ಎಂದು ಹೇಳುವಂತಿಲ್ಲ. ಆ ರಾಸಾಯನಿಕವಿಲ್ಲದ ಕಾಗದ ಇಂದಿಗೂ ತಯಾರಾಗುತ್ತದೆ.

ಇಷ್ಟಾದ ಮೇಲೆ ಬೆಲೆಯ ಮಾತು. ಹಳೆಯದೆಂಬ ಒಂದೇ ಕಾರಣದಿಂದ ಬೆಲೆ ಏರುವುದಿಲ್ಲ. ಲಕ್ಷ್ಮೀ ಸರಸ್ವತಿಯರು ಬಹುಸಂಖ್ಯೆಯಲ್ಲಿ ಅಚ್ಚಾದವರು. ಒಂದೆರಡು ಬಾರಿ ಮಾತ್ರ ಅಚ್ಚಾದ ಪುರಾಣ ಪ್ರಸಂಗವೊಂದು ಅವರಿಗಿಂತ ದುರ್ಲಭವಾಗಿರಬಹುದು. ವ್ಯಾಪಾರಿಗಳು ಕೂಗುವ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ, ಅದೇ ಅಚ್ಚುಕೂಟದ, ಅದೇ ಅಳತೆಯ, ಅದೇ ಸ್ಥಿತಿಯ ಪಟ ನಿಜವಾಗಿ ಎಷ್ಟಕ್ಕೆ ಮಾರಾಟವಾಯಿತೆಂಬುದನ್ನು ವಿಚಾರಿಸಬೇಕು. ಮನೆಯ ಹೆಂಗಸರು ದೇವಿಯ ಸೀರೆಗೆ ಜರಿ, ಮಣಿಗಳನ್ನು ಅಂಟಿಸಿ ಸಿಂಗರಿಸಿದ ಪಟಗಳುಂಟಷ್ಟೆ. ಪಟ ಕೆಟ್ಟಿತೆಂದು ಅವನ್ನು ಕಿತ್ತು ‘ಶುಚಿ’ ಮಾಡಿದವರನ್ನು ನಾವು ಕಂಡಿದ್ದೇವೆ. ಸಂಗ್ರಾಹಕರಾದರೋ ಅಂಥವನ್ನು ಈಗ ಅಕ್ಕರೆಯಿಂದ ಅರಸುತ್ತಾರೆ. ಒದ್ದೆ ಬಟ್ಟೆಯಿಂದ ಒರೆಸುವುದಂತೂ ಕೂಡದು.

ಅದಕ್ಕಿಂತಲೂ ದೊಡ್ಡ ಅನಾಹುತವೆಂದರೆ ಕತ್ತರಿ. ಚಿತ್ರದ ಹೆಸರು, ಅಚ್ಚುಕೂಟದ ಹೆಸರುಗಳು ಸಾಮಾನ್ಯವಾಗಿ ಇರುವುದು ಕೆಳಗಿನ ಬಿಳಿಯ ಅಂಚಿನಲ್ಲಿ. ಪರಿಚಿತರೊಬ್ಬರು ತಮ್ಮ ಅಜ್ಜಿಯ ಕಾಲದ ಪಟವೊಂದನ್ನು ತೋರಿಸಲು ನಮ್ಮನ್ನು ಕರೆದಿದ್ದರು. ಭೂತಗನ್ನಡಿಯ ಕೆಳಗೆ ಚುಕ್ಕೆಗಳು ಕೈಯವೇ, ಸಂದೇಹವಿಲ್ಲ. ಯಾವ ಅಚ್ಚುಕೂಟದ್ದೆಂದು ತಿಳಿಯಲು ಅಂಚನ್ನು ಹುಡುಕಿದೆವು. ಹೊಸ ಕಟ್ಟಿನ ಅಳತೆಗೆ ಸರಿಹೊಂದಲೆಂದು ನಾಲ್ಕೂ ಕಡೆ ಕತ್ತರಿಸಿದ್ದರು. ಕತ್ತರಿಸಿದ ಪಟ್ಟಿಗಳು ಬಚ್ಚಲೊಲೆ ಸೇರಿ ಒಂದು ವಾರವಾಗಿತ್ತು.