ಸಾಯುವವನು ಕನ್ನಡಿಗ, ಎಚ್ಚರಿಕೆ ಇಂಗ್ಲಿಷಿನಲ್ಲಿ!

ಮೊನ್ನೆ ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಹಿರಿಯರೊಬ್ಬರು ಸಿಗರೇಟು ಹಚ್ಚಿದರು. ಪ್ಯಾಕಿನ ಮೇಲಿನ ದಪ್ಪ ಅಕ್ಷರ ತೋರಿಸಿ, 'ಕಾಕಾ, ಇದರ ಮ್ಯಾಲ ಏನ್ ಬರದಾರ್ರೀ?' ಎಂದು ಕೇಳಿದೆ. 'ಕಂಪನಿ ಹೆಸರು ಇರಬೇಕ್ರಿ' ಎಂದರು! ಅಲ್ಲಿದ್ದದ್ದು ಸೇದಿದರೆ ಸಾಯುತ್ತೀ ಎಂಬ ಎಚ್ಚರಿಕೆ. ಶುದ್ಧ ಇಂಗ್ಲಿಷಿನಲ್ಲಿ.

'ಚಿತ್ರ ಇದೆಯಲ್ಲ, ಭಾಷೆ ಯಾಕೆ?' ಎನ್ನುವ ಜಾಣರಿದ್ದಾರೆ. ಚಿತ್ರಕ್ಕೆ ಬಲವಿದೆ, ಸುಳ್ಳಲ್ಲ. 2009ರ ಮೇ 31ಕ್ಕೆ ಚಿತ್ರ ಬಂತು, 2016ರ ಏಪ್ರಿಲಿನಿಂದ ಪ್ಯಾಕಿನ ಶೇ. 85 ಭಾಗ ಎಚ್ಚರಿಕೆಗೇ ಹೋಯಿತು. ಎಚ್ಚರಿಕೆ ನೋಡಿ ಬಿಡಬೇಕೆಂದು ಯೋಚಿಸಿದ ಸಿಗರೇಟು ಸೇದುವವರು ದೇಶದಲ್ಲಿ 2009-10ರಲ್ಲಿ ಶೇ. 38 ಇದ್ದರು, 2016-17ರ ಸಮೀಕ್ಷೆಗೆ ಶೇ. 62ರ ಹತ್ತಿರ ಬಂದರು. ಆದರೆ ಯೋಚನೆ ಬಂದವನು ಮುಂದೇನು ಮಾಡಬೇಕು? 2018ರಿಂದ ಪ್ಯಾಕಿನ ಮೇಲೆ ಚಟ ಬಿಡಿಸುವ ಉಚಿತ ಫೋನ್ ನಂಬರಿದೆ: 1800-11-2356. ಬೆಂಗಳೂರಿನ ನಿಮ್ಹಾನ್ಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ. ಫೋನ್ ಮಾಡಿ ಎಂಬ ಮಾತು ಮಾತ್ರ ಇಂಗ್ಲಿಷಿನಲ್ಲಿ! ನಮ್ಮ ಕಾಕಾನಿಗೆ ಅದು ಬ್ಯಾಚ್ ನಂಬರೋ ಏನೋ.

ಕಂಪನಿಯನ್ನು ಬೈದರೆ ಸಾಲದು, ಕಾನೂನೇ ಅವರಿಗೆ ಬಾಗಿಲು ತೆರೆದಿಟ್ಟಿದೆ. 2003ರ ತಂಬಾಕು ಕಾಯ್ದೆಯ 9ನೇ ಕಲಂ ನೋಡಿ. ಪ್ಯಾಕಿನ ಮೇಲೆ ಯಾವ ಭಾಷೆ ಇದೆಯೋ ಎಚ್ಚರಿಕೆಯೂ ಆ ಭಾಷೆಯಲ್ಲೇ! ಅಂದರೆ ಮಾಲೀಕ ಪ್ಯಾಕಿನ ಮೇಲೆ ಒಂದಕ್ಷರ ಕನ್ನಡ ಹಾಕದಿದ್ದರೆ ಕನ್ನಡಿಗನನ್ನು ಎಚ್ಚರಿಸುವ ಗೋಜೇ ಇಲ್ಲ. ಕನ್ನಡ ಬಿಟ್ಟದ್ದಕ್ಕೆ ಬಹುಮಾನ! ಕೆಲವು ಬೀಡಿ ಕಟ್ಟಿನ ಮೇಲಾದರೂ ಕನ್ನಡ ಕಾಣುತ್ತದೆ. ಕೋಟಿಗಟ್ಟಲೆ ದುಡಿಯುವ ಸಿಗರೇಟು ಕಂಪನಿಗೆ ಅಷ್ಟೂ ಮರ್ಯಾದೆ ಬೇಡವೇ?

ಎಷ್ಟು ಭಾಷೆಯಲ್ಲಿ ಅಚ್ಚು ಹಾಕುವುದು ಎಂಬ ನೆಪ ನನ್ನ ಮುಂದೆ ನಡೆಯದು. ನಾನು ಕಲಬುರಗಿಯಲ್ಲಿ ಪ್ರೆಸ್ ಇಟ್ಟವನು. ಸರ್ಕಾರ ಚಿತ್ರ ಬದಲಿಸಿದಾಗಲೆಲ್ಲ ಇವರು ಹೇಗೂ ಹೊಸ ಡಿಸೈನ್ ಮಾಡಿಸಲೇಬೇಕು. ಆಗ ಎರಡು ಸಾಲು ಕನ್ನಡ ಸೇರಿಸಲು ಏನು ರೋಗ? ನಮ್ಮ ಊರಿನ ಸಣ್ಣ ಪ್ರೆಸ್ಸುಗಳೇ ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಮದುವೆ ಕಾರ್ಡು ಹೊಡೆದುಕೊಡುತ್ತವೆ.

2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕೊಳ್ಳುವವನ ವಯಸ್ಸನ್ನು 21ಕ್ಕೆ ಏರಿಸಿತು, ಹುಕ್ಕಾ ಬಾರ್ ನಿಷೇಧಿಸಿತು. ಭಾಷೆಯ ಸುದ್ದಿಗೇ ಹೋಗಲಿಲ್ಲ. (ಒಂದೊಂದೇ ಸಿಗರೇಟು ಕೊಳ್ಳುವವನ ಕೈಗೆ ಪ್ಯಾಕೇ ಬರುವುದಿಲ್ಲ, ಅದು ಇನ್ನೊಂದು ಜಗಳ.)

ತರುಣರೇ, ಸೂಪರ್ ಮಾರ್ಕೆಟ್ಟಿನ ಪಾನ್ ಅಂಗಡಿಗಳಿಂದ ಖಾಲಿ ಪ್ಯಾಕು ಕೂಡಿಸಿ. ಕನ್ನಡವಿಲ್ಲದವನ್ನು ಗೋಣಿಚೀಲದಲ್ಲಿ ತುಂಬಿ ಡಿಸಿ ಆಫೀಸಿನ ಮುಂದೆ ಸುರಿಯೋಣ. ಮನವಿ ಪತ್ರದ ಅಚ್ಚಿನ ಖರ್ಚು ನನ್ನದು.